ನಾಲ್ಕನೇ ಬಟ್ಟೆ

ನಾವು ನಾಲ್ವರು, ಮೇಷ್ಟ್ರು ಚೀಟಿ ಎತ್ತಿ ಕಟ್ಟಿದ ಗಂಟು.
ಖುಲನ್‌ಗೆ ಅಕ್ಷರ ದುಂಡು, ದುಲ್ಗೂನ್‌ಗೆ ಬಾಯಿ ಜೋರು,
ತೆರ್ಗೆಲ್ ಆ ತಿಂಗಳು ಮಾತಾಡಿದ್ದು ಒಟ್ಟು ಹನ್ನೊಂದು ಸಲ.
ಎಣಿಸಿದವಳು ನಾನು. ಎಣಿಸುವುದೇ ನನ್ನ ಪಾಲಿನ ಕೆಲಸ.

ವಿಷಯ: ನಮ್ಮೂರ ಹೊಗೆ.
ಉಲಾನ್‌ಬಾತರಿನ ಚಳಿಗಾಲಕ್ಕೆ ಬೇರೆ ವಿಷಯವಾದರೂ ಏನಿದೆ?
ಗುಡ್ಡದ ಮೈತುಂಬ ಉಣ್ಣೆ ಹೊದ್ದ ಗುಂಡುಮನೆಗಳು,
ಒಂದೊಂದರ ನೆತ್ತಿಗೂ ಒಂದೊಂದು ಕೊಳವೆ;
ಸಂಜೆ ಐದಕ್ಕೆ ಎಲ್ಲವೂ ಒಟ್ಟಿಗೇ ಕೆಮ್ಮುತ್ತವೆ.
ಕೆಳಗಿನ ಪೇಟೆ ಆಗ ಇಲ್ಲವೇ ಇಲ್ಲ. ಬಸ್ಸಿನ ದೀಪ ಮಾತ್ರ,
ಗಂಜಿಯಲ್ಲಿ ಮುಳುಗಿದ ಒಂದೆರಡು ಕಾಳು.

ಉಪಾಯ ಸರಳ. ಒಂದೇ ಹಾಸಿಗೆ ಬಟ್ಟೆ ಹರಿದು
ಅಂಗೈಯಗಲದ ನಾಲ್ಕು ತುಂಡು, ಬಾಗಿಲಿಗೊಂದು.
ಏಳು ದಿನ ಬಿಟ್ಟು ರಟ್ಟಿಗೆ ಅಂಟಿಸಿದರಾಯಿತು.
ಆಯಿತು ಅನ್ನುವುದು ಎಷ್ಟು ಸಲೀಸು!
ಅಂಟು ಯಾರು ತರಬೇಕೆಂದು ಎರಡು ದಿನ ಜಗಳ,
ತಂದ ಅಂಟು ದಾರಿಯಲ್ಲೇ ಕಲ್ಲು.
ದುಲ್ಗೂನ್ ಅದನ್ನು ಕಂಕುಳಲ್ಲಿಟ್ಟು
ಕೋಳಿಯ ಹಾಗೆ ಕಾವು ಕೊಟ್ಟ.
ಖುಲನ್ ಬರೀ ಶೀರ್ಷಿಕೆಯನ್ನು ಮೂರು ಸಂಜೆ ಬರೆದಳು.

ಎಂಟನೇ ದಿನ ಬಟ್ಟೆಗಳು ಬಂದವು.
ಖುಲನಳದು ಬೂದಿ. ದುಲ್ಗೂನನದು ಮಳೆಮೋಡ.
ನನ್ನದು (ಹೆಮ್ಮೆಯಿಂದಲೇ ಬಿಚ್ಚಿದೆ) ಬಾಣಲೆಯ ತಳ.
ತೆರ್ಗೆಲ್ ಜೇಬಿನಿಂದ ತೆಗೆದದ್ದು
ನಾಲ್ಕು ಮಡಿಕೆಯ, ಸೋಪಿನ ವಾಸನೆಯ, ಬೆಳ್ಳನೆ ಬಿಳಿ.
ಅವನ ಮನೆಯಿರುವುದೋ
ಊರಿನ ಹೊಗೆಯೆಲ್ಲ ಇಳಿದು ಬಂದು ಕೂರುವ ತಗ್ಗಿನಲ್ಲಿ.

‘ಸುಳ್ಳ, ನೇತುಹಾಕಲೇ ಇಲ್ಲ ನೀನು’ ಅಂದ ದುಲ್ಗೂನ್.
ನಾನೂ ಅಂದೆ.
ಇದನ್ನು ಬರೆಯದೆ ಬಿಡಬಹುದಿತ್ತು. ನಾನೂ ಅಂದೆ.

ತೆರ್ಗೆಲ್ ತನ್ನ ಒಂಬತ್ತನೇ ಮಾತಾಡಿದ:
‘ಅಮ್ಮ ಒಗೆದಳು.’
ಹತ್ತು: ‘ದಿನಾ ಒಗೆದಳು.’
ಬಹಳ ಹೊತ್ತಿನ ಮೇಲೆ ಹನ್ನೊಂದು:
‘ಬಿಳಿ ತಿಂಗಳು ಬರುತ್ತಿದೆಯಂತೆ, ಜನ ಬರುತ್ತಾರಂತೆ,
ನಮ್ಮ ಬಾಗಿಲಲ್ಲಿ ಕೊಳೆ ನೇತಾಡಬಾರದಂತೆ.’

ಬಿಸಾಡೋಣ, ಮೂರೇ ಸಾಕು ಎಂದೆವು.
ಖುಲನ್ ಮಾತ್ರ ಸುಮ್ಮನೆ ಅಂಟು ಹಚ್ಚಿ, ಬಿಳಿಯನ್ನೂ ಅಂಟಿಸಿ
ಕೆಳಗೆ ತನ್ನ ದುಂಡು ಅಕ್ಷರದಲ್ಲಿ ಬರೆದಳು:
‘ಏಳು ಸಲ ಒಗೆದದ್ದು.’
ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.
ಇಪ್ಪತ್ತಕ್ಕೆ ಹದಿನಾಲ್ಕು. ಷರಾ: ಮಾಹಿತಿ ಅಪೂರ್ಣ.

ಆಮೇಲೆ ಹಬ್ಬ.
ನಮ್ಮಜ್ಜಿಯ ಹಲಗೆಯ ಸುತ್ತ ಎಂಟು ಜನ,
ಕುರಿಮಾಂಸದ ಕಡುಬು ಸಾವಿರದ ಇನ್ನೂರು;
ಯಾರು ಲಟ್ಟಿಸಬೇಕು, ಯಾರು ನೆರಿಗೆ ಹಿಡಿಯಬೇಕು
ಅಲ್ಲಿ ಯಾರೂ ಚೀಟಿ ಎತ್ತಲಿಲ್ಲ.
ನನ್ನ ಕಡುಬುಗಳೆಲ್ಲ ಬಾಯಿಬಿಟ್ಟವು.
ಅಜ್ಜಿ ಅವನ್ನೇ ಆರಿಸಿ ತನ್ನ ತಟ್ಟೆಗೆ ಹಾಕಿಕೊಂಡಳು.

ಎರಡನೇ ದಿನ ಆ ತಗ್ಗಿಗೆ ಇಳಿದೆವು, ಮೂವರೂ.
ಕಿರಿಯರ ಕೈ ಕೆಳಗೆ, ಹಿರಿಯರ ಕೈ ಮೇಲೆ,
ಮೊಣಕೈಗೆ ಆಸರೆ ಕೊಡುವುದೇ ನಮ್ಮಲ್ಲಿ ನಮಸ್ಕಾರ.
ತೆರ್ಗೆಲನ ಅಮ್ಮನ ತೋಳುಗಳ ಭಾರ
ನನ್ನ ತೋಳಿಗೆ ಬಂತು. ಹತ್ತಿರದಿಂದ ಕಂಡೆ:
ಬೆರಳ ಬಿರುಕುಗಳಲ್ಲಿ ಸಣ್ಣ ಸಣ್ಣ ಕಪ್ಪು ಗೆರೆ.
ಬಟ್ಟೆ ಬಿಟ್ಟ ಮಸಿ ಎಲ್ಲಿಗೆ ಹೋಗಿತ್ತೆಂದು
ಯಾವ ರಟ್ಟಿನ ಮೇಲೂ ನಾವು ಬರೆದಿರಲಿಲ್ಲ.

ಉಪ್ಪು ಚಹಾ ಸುರಿದಳು. ಒಬ್ಬೊಬ್ಬರಿಗೂ ಒಂದು ಜೊತೆ ಕಾಲುಚೀಲ.
‘ನಾಲ್ವರೂ ಸೇರಿ ಮಾಡಿದಿರಲ್ಲ,
ನಿಮ್ಮ ಆ ಕೆಲಸಕ್ಕೆ ಎಷ್ಟು ಬಂತು?’
ದುಲ್ಗೂನನ ಜೋರು ಬಾಯಿಗೂ ಬೀಗ.

ತೆರ್ಗೆಲ್ ಬಟ್ಟಲಿನಿಂದ ಮುಖ ಎತ್ತಿ,
ಹೊಸ ವರ್ಷದ ತನ್ನ ಮೊದಲ ಮಾತಾಡಿದ:
‘ಇಪ್ಪತ್ತಕ್ಕೆ ಇಪ್ಪತ್ತು.’

ಎಣಿಸುವುದು ನನ್ನ ಕೆಲಸ.
ಚಹಾ ಬಿಸಿಯಿತ್ತು. ನಾನು ತಿದ್ದಲಿಲ್ಲ.